ನಡುಮನೆಯ ಕಂಪ್ಯೂಟರ್

"ಇಬ್ಬರಲ್ಲಿ ಯಾರನ್ನ ಅಳಿಸ್ಲಿ? ಅದನ್ನ ಮೊದ್ಲು ಹೇಳ್ಬಿಡಿ. ಆಮೇಲೆ 'ಅಯ್ಯೋ ರಾದಾಮೆಸ್, ಅವನಲ್ಲ, ಇವಳು' ಅಂತ ಬಾಯಿ ಬಡ್ಕೊಂಡ್ರೆ ನಾನು ಜವಾಬ್ದಾರನಲ್ಲ. ಸತ್ತೋರನ್ನ ಎಬ್ಬಿಸೋ ವಿದ್ಯೆ ನಂಗೆ ಗೊತ್ತಿಲ್ಲ."

ರಾದಾಮೆಸ್ ಸ್ಕ್ರೂಡ್ರೈವರನ್ನು ಬಡಗಿಯ ಪೆನ್ಸಿಲಿನಂತೆ ಕಿವಿಗೆ ಸಿಕ್ಕಿಸಿಕೊಂಡು ಕಂಪ್ಯೂಟರಿನ ಮುಂದೆ ಮೊಣಕಾಲೂರಿ ಕೂತಿದ್ದ. ಅವನ ಬೆನ್ನ ಹಿಂದೆ ಈ ಕಡೆ ಇದಾಲ್ಮಿಸ್, ಆ ಕಡೆ ಎವೇಲಿಯೊ. ನಾಲ್ಕು ವರ್ಷದ ಹಿಂದೆ ವಿಚ್ಛೇದನದ ಕಾಗದಕ್ಕೆ ಸಹಿ ಹಾಕುವಾಗಲೂ ಇವರಿಬ್ಬರು ಹೀಗೆಯೇ ನಡುವೆ ಒಬ್ಬ ನೋಟರಿಯನ್ನು ಇಟ್ಟುಕೊಂಡು ನಿಂತಿದ್ದರು.

"ನಂದನ್ನೇ ಅಳಿಸು," ಎಂದ ಎವೇಲಿಯೊ. "ಅವಳ ಕಡೆ ಹಗುರಾಗ್ಲಿ. ಊರಿಗೆಲ್ಲ ನೀರು ಬಿಡೋಳು ಅವಳು."

"ನೀರು ಬಿಡೋಳು ನಾನಲ್ಲ. ಯಾವ ಬೀದಿಗೆ ಯಾವತ್ತು ಬಿಡ್ಬೇಕು ಅಂತ ಹೇಳೋಳು."

"ಅದೇ. ಹೇಳೋದರಲ್ಲಿ ನಿನ್ನ ಬಿಟ್ರೆ ಇಲ್ಲ."

ತೂಗುಕುರ್ಚಿಯಲ್ಲಿ ಕೂತು ಕ್ರೋಶಾ ಹಾಕುತ್ತಿದ್ದ ಮಿಗ್ದಾಲಿಯಾ ತಲೆಯೆತ್ತಲಿಲ್ಲ. ಎವೇಲಿಯೊನ ತಾಯಿ ಅವಳು. ಮಗನೂ ಸೊಸೆಯೂ ಬೇರೆಯಾದ ದಿನ, "ಸಹಿ ಹಾಕಿದ್ದು ನೀವಿಬ್ರು. ನಾನು ಎಲ್ಲೂ ಹಾಕಿಲ್ಲ," ಎಂದು ಒಂದೇ ಮಾತು ಹೇಳಿ ಸುಮ್ಮನಾದವಳು. ಅಂದಿನಿಂದ ಇಂದಿನವರೆಗೂ ಅವಳ ಮಂಚ ಮಗನ ಕಡೆ, ರೇಡಿಯೊ ಸೊಸೆಯ ಕಡೆ.

ಕಡೆ ಎಂದರೆ ನಿಜವಾಗಿಯೂ ಕಡೆಯೇ. ಮತಾನ್ಸಾಸ್ ಊರಿನ ವೆರ್ಸಾಯೆಸ್ ಬಡಾವಣೆಯಲ್ಲಿ ಬಿಟ್ಟುಹೋಗುವವರಿಗೆ ಹೋಗಲು ಇನ್ನೊಂದು ಮನೆ ಎಲ್ಲಿಂದ ಬರಬೇಕು? ಎಲ್ಲರೂ ಮಾಡುವ ಹಾಗೆ ಇವರೂ ಮನೆಗೆ ನಡುವೆ ಪ್ಲೈವುಡ್ಡಿನ ಗೋಡೆ ಹಾಕಿಕೊಂಡರು. ಹಾಕಿದವನು ಎವೇಲಿಯೊನೇ. ಹಿತ್ತಲ ಕಡೆಯ ಎರಡು ಕೋಣೆ ಅವಳಿಗೆ, ಬೀದಿ ಕಡೆಯವು ಅವನಿಗೆ. ಇದಾಲ್ಮಿಸ್ ತನ್ನ ಮಗ್ಗುಲಿಗೆ ತಿಳಿಹಸಿರು ಬಣ್ಣ ಬಳಿದಳು. ಅವನ ಮಗ್ಗುಲಲ್ಲಿ ಹಲಗೆಗಳ ಮೇಲೆ ಯಾವುದೋ ಹಡಗಿನ ಪೆಟ್ಟಿಗೆಯ ಅಕ್ಷರಗಳು ಇವತ್ತಿಗೂ ತಲೆಕೆಳಗಾಗಿ ಕಾಣುತ್ತವೆ. ಅಡುಗೆಮನೆ, ಬಚ್ಚಲು, ಮುಂದಿನ ನಡುಮನೆ ಇಬ್ಬರಿಗೂ ಸೇರಿದ್ದು. ನಡುಮನೆಯಲ್ಲಿ ತೂಗುಕುರ್ಚಿ, ಅದರ ಪಕ್ಕ ಮೇಜು, ಮೇಜಿನ ಮೇಲೆ ಕಂಪ್ಯೂಟರ್.

ಮನೆಗೆ ಗೋಡೆ ಹಾಕಬಹುದು, ಕಂಪ್ಯೂಟರಿಗೆ ಹಾಕುವುದು ಹೇಗೆ? ಅದರ ಒಳಗಿನ ಬೋರ್ಡು, ಮೆಮೊರಿ ಎಲ್ಲ ಇದಾಲ್ಮಿಸಳ ಸೋದರಮಾವನ ಮಗ ಗಯಾನಾದಿಂದ ಬಟ್ಟೆಗಂಟಿನಲ್ಲಿ ಸುತ್ತಿಕೊಂಡು ತಂದದ್ದು. ಡಿಸ್ಕು ಮತ್ತು ಪರದೆ ಎವೇಲಿಯೊ ವರಾದೆರೊ ಕಡಲತೀರದಲ್ಲಿ ಯಾರೋ ವಿದೇಶಿ ಜೋಡಿಯ ಮದುವೆ ಚಿತ್ರ ತೆಗೆದು ಸಂಪಾದಿಸಿದ್ದು. ಬಿಡಿಸಿ ಹಂಚಿಕೊಂಡರೆ ಇಬ್ಬರ ಪಾಲಿಗೂ ಗುಜರಿಯೇ. ಆಗ ದಾರಿ ತೋರಿಸಿದವನು ರಾದಾಮೆಸ್. ದೂರವಾಣಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ ನಿವೃತ್ತನಾದ ಮೇಲೆ ಬೀದಿಯ ಎಲ್ಲ ಯಂತ್ರಗಳಿಗೂ, ಒಂದಷ್ಟು ಸಂಸಾರಗಳಿಗೂ ಅವನೇ ವೈದ್ಯ. "ಮನೆ ಭಾಗ ಮಾಡ್ಕೊಂಡ್ರಲ್ಲ, ಹಾಗೇ ಇದನ್ನೂ ಮಾಡೋಣ," ಎಂದು ಡಿಸ್ಕನ್ನು ಮೂರು ಪಾಲು ಮಾಡಿದ. ಒಂದರಲ್ಲಿ ಎವೇಲಿಯೊನ ವಿಂಡೋಸ್. ರಾಜಕುಮಾರಿಯರಂತೆ ಸಿಂಗರಿಸಿಕೊಂಡ ಹುಡುಗಿಯರ ಹದಿನೈದು ತುಂಬಿದ ಹಬ್ಬಕ್ಕೆ ಅವನು ಮಾಡಿಕೊಡುವ ವಿಡಿಯೊ ಚಿತ್ರಗಳ ಕೆಲಸ ನಡೆಯುವುದು ಅದರಲ್ಲಿ. ಇನ್ನೊಂದರಲ್ಲಿ ಇದಾಲ್ಮಿಸಳ ಲಿನಕ್ಸ್. ನೀರು ಸರಬರಾಜು ಕಚೇರಿಯ ನಕ್ಷೆಗಳು ತೆರೆಯುವುದು ಅದರಲ್ಲಿ ಮಾತ್ರ. ಮೂರನೆಯ ಪಾಲು ಇಬ್ಬರದೂ. ದೊಡ್ಡ ದೊಡ್ಡ ಸಾಮಾನೆಲ್ಲ ಇಡುವುದು ಅಲ್ಲಿ. ಅದಕ್ಕೂ ರಾದಾಮೆಸ್ ನಡುಮನೆ ಎಂದೇ ಹೆಸರಿಟ್ಟ.

ಸ್ವಿಚ್ಚು ಒತ್ತಿದರೆ ಕಪ್ಪು ಪರದೆಯ ಮೇಲೆ ಎರಡು ಸಾಲು ಮೂಡುತ್ತವೆ. ಬಾಣದ ಗುಂಡಿಯಿಂದ ಯಾರು ಏಳಬೇಕೋ ಅವರನ್ನು ಆರಿಸಬೇಕು. ಹತ್ತು ಎಣಿಸುವುದರೊಳಗೆ ಯಾರೂ ಏನೂ ಒತ್ತದಿದ್ದರೆ ಯಂತ್ರ ತಾನಾಗಿ ಮೊದಲ ಸಾಲಿಗೆ ಹೋಗುತ್ತದೆ. ಮೊದಲ ಸಾಲು ಎವೇಲಿಯೊನದು. ಈ ವಿಷಯಕ್ಕೆ ಇದಾಲ್ಮಿಸ್ ಒಂದು ವರ್ಷ ಪೂರ್ತಿ ಸಿಟ್ಟಾಗಿದ್ದಳು. ಆಮೇಲೆ ಸಿಟ್ಟಾಗುವುದಕ್ಕೆ ಬೇರೆ ವಿಷಯಗಳು ಬಂದವು.

ಗಡಿಯಾರದ್ದು ಇನ್ನೊಂದು ತಮಾಷೆ. ಯಂತ್ರದ ಹೊಟ್ಟೆಯೊಳಗೆ ಇರುವುದು ಒಂದೇ ಗಡಿಯಾರ. ಅವನ ಕಡೆಯದು ಅದನ್ನು ಮತಾನ್ಸಾಸಿನ ಹೊತ್ತು ಎಂದು ನಂಬಿದರೆ, ಅವಳ ಕಡೆಯದು ಸಮುದ್ರದಾಚೆ ಲಂಡನ್ನಿನ ಹೊತ್ತು ಎಂದು ನಂಬುತ್ತದೆ. ಹಾಗಾಗಿ ಎವೇಲಿಯೊ ಎದ್ದುಹೋದ ಮೇಲೆ ಅವಳು ಬಂದು ಕೂತರೆ ಬೆಳಗಿನ ಒಂಬತ್ತಕ್ಕೆ ಪರದೆಯ ಮೂಲೆಯಲ್ಲಿ ಐದು ಗಂಟೆ. ಅವಳು ಅದನ್ನು ಸರಿಮಾಡಿ ಎದ್ದರೆ ಅವನಿಗೆ ನಾಲ್ಕು ಗಂಟೆ ಮುಂದೆ. ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರು ತಿದ್ದುವುದು ದಿನದ ಮೊದಲ ಕೆಲಸ. "ಒಂದು ನಿಮಿಷದ ಕೆಲಸ, ಸರಿ ಮಾಡ್ಕೊಡ್ತೀನಿ," ಎಂದು ರಾದಾಮೆಸ್ ಎಷ್ಟೋ ಸಲ ಹೇಳಿದ್ದ. ಇದಾಲ್ಮಿಸ್, "ಇರ್ಲಿ ಬಿಡು," ಎನ್ನುತ್ತಿದ್ದಳು. ಗಡಿಯಾರ ಸರಿಯಾಗಿದ್ದ ಬೆಳಿಗ್ಗೆ ಅವಳಿಗೆ ತಿಳಿಯುತ್ತಿತ್ತು: ನಿನ್ನೆ ಅವನು ಯಂತ್ರ ಮುಟ್ಟಿಲ್ಲ. ಜ್ವರವೋ, ಕೆಲಸ ಬಂದಿಲ್ಲವೋ. ಅಂಥ ದಿನ ಅಡುಗೆಮನೆಯಲ್ಲಿ ಕಾಫಿ ಸ್ವಲ್ಪ ಹೆಚ್ಚಿಗೆ ಇಳಿಯುತ್ತಿತ್ತು. ಮುದುಕಿ ಏನೂ ಕೇಳದೆ ಒಂದು ಲೋಟ ಗೋಡೆಯಾಚೆ ಒಯ್ಯುತ್ತಿದ್ದಳು.

ಎಲ್ಲ ಕೆಟ್ಟದ್ದು ಕಳೆದ ಮಳೆಗಾಲದಿಂದ. ಯಂತ್ರ ಎತ್ತಿನ ಹಾಗೆ ಹಟ ಹಿಡಿಯತೊಡಗಿತು. ಶುರುವಿನಲ್ಲಿ ಚೆನ್ನಾಗಿಯೇ ಓಡುತ್ತದೆ. ಅರ್ಧ ಗಂಟೆ ಆಗುತ್ತಿದ್ದ ಹಾಗೆ ಕಾಲೆಳೆಯುತ್ತದೆ. ಒಂದು ನಕ್ಷೆ ತೆರೆಯುವಷ್ಟರಲ್ಲಿ ಅನ್ನ ಬೇಯುತ್ತದೆ. ಕರೆಂಟು ಇರುವುದೇ ದಿನಕ್ಕೆ ಕೆಲವು ಗಂಟೆ. ಅದರಲ್ಲಿ ಇಬ್ಬರ ಪಾಲು. ಹೀಗಾದರೆ ಸಿಟ್ಟು ಬರದೆ ಇರುತ್ತದೆಯೇ?

"ಎವೇಲಿಯೊ, ನಿನ್ನ ರಾಜಕುಮಾರಿಯರನ್ನೆಲ್ಲ ಸ್ವಲ್ಪ ಖಾಲಿ ಮಾಡು! ಲಂಗ ಹರಡ್ಕೊಂಡು ಜಾಗ ಎಲ್ಲ ತಿಂತಾ ಕೂತಿದ್ದಾರೆ!" ಎಂದು ಅವಳು ಗೋಡೆಗೆ ಗುದ್ದುತ್ತಿದ್ದಳು.

"ನಿನ್ನ ಆಫೀಸಿನ ಪ್ರೋಗ್ರಾಂ ಕಿತ್ತು ಬಿಸಾಕು ಮೊದ್ಲು! ಪೈಪು ಹಾಕಿದ ಕಾಲದಲ್ಲಿ ಬರೆದಿದ್ದು ಅದು!" ಎಂದು ಆ ಕಡೆಯಿಂದ ಉತ್ತರ ಬರುತ್ತಿತ್ತು.

ಇದರ ನಡುವೆ ಕಿಟಕಿಯಲ್ಲಿ ಯಾರಾದರೊಬ್ಬರು: "ಇದಾಲ್ಮಿಸ್, ನಮ್ಮ ಬೀದಿಗೆ ನೀರು ಯಾವತ್ತು ಮಾರಾಯ್ತಿ? ಸ್ನಾನ ಮಾಡದೆ ನನ್ನ ಗಂಡ ಗಂಡನ ಥರಾನೇ ಕಾಣ್ತಿಲ್ಲ!"

ಕೊನೆಗೆ ಕಳೆದ ಸೋಮವಾರ ಆಗಬಾರದ್ದು ಆಯಿತು. ವಾರದ ನೀರಿನ ಪಾಳಿಯ ಪಟ್ಟಿ ಮಧ್ಯಾಹ್ನದೊಳಗೆ ಕಚೇರಿಗೆ ಹೋಗಬೇಕು. ಹೋಗದಿದ್ದರೆ ನೀರಿನ ಲಾರಿಗಳು ಹೊರಡುವುದಿಲ್ಲ. ಇದಾಲ್ಮಿಸ್ ಕೂತು ನೋಡಿದರೆ ಡಿಸ್ಕಿನ ನಡುಮನೆಗೆ ಬೀಗ. ಒಳಗಿನದನ್ನು ನೋಡಬಹುದು, ಏನನ್ನೂ ಇಡುವಂತಿಲ್ಲ. ಎವೇಲಿಯೊ ತನ್ನ ಕಡೆಯದನ್ನು ಪೂರ್ತಿ ಮುಚ್ಚದೆ ನಿದ್ದೆಗೆ ಹಾಕಿ ಹೋಗಿದ್ದ. ಹಾಗೆ ಮಾಡಬೇಡ ಎಂದು ರಾದಾಮೆಸ್ ತಲೆ ಮೇಲೆ ಹೊಡೆದ ಹಾಗೆ ಹೇಳಿದ್ದ: ಅದು ನಿದ್ದೆ ಹೋದರೆ ಬೀಗದಕೈ ಸೊಂಟದಲ್ಲೇ ಸಿಕ್ಕಿಸಿಕೊಂಡು ಮಲಗುತ್ತದೆ ಎಂದು. ಆದರೆ ಕರೆಂಟು ಹೋಗುವ ಹೊತ್ತಿಗೆ ಕೆಲಸ ಅರ್ಧದಲ್ಲಿದ್ದರೆ ಯಾರಿಗೆ ನೆನಪಿರುತ್ತದೆ? ಎವೇಲಿಯೊ ಊರಲ್ಲಿರಲಿಲ್ಲ, ಫೋನಿಗೂ ಸಿಗಲಿಲ್ಲ. ಮಲಗಿದ್ದನ್ನು ಬಲವಂತವಾಗಿ ಕೊಡವಿ ಹಾಕುವ ಒಂದು ಆಜ್ಞೆಯನ್ನು ರಾದಾಮೆಸ್ ಅವಳಿಗೆ ಕಲಿಸಿದ್ದ, ಗಂಡಾಂತರ ಬಂದರೆ ಮಾತ್ರ ಎಂದು. ಅವಳು ಗಡಿಯಾರ ನೋಡಿದಳು, ಆಜ್ಞೆ ಕೊಟ್ಟಳು. ನೀರಿನ ಪಾಳಿ ಕಚೇರಿಗೆ ಹೋಯಿತು. ಎವೇಲಿಯೊ ಎಷ್ಟೋ ದಿನ ಕೂತು ಕತ್ತರಿಸಿ ಜೋಡಿಸಿ, ಉಳಿಸದೆ ಹಾಗೇ ತೆರೆದಿಟ್ಟಿದ್ದ ಚಿತ್ರವೂ ಹೋಯಿತು.

ಮೂಲೆಮನೆಯ ಓರ್ಕೀದಿಯಾಳ ಮಗಳು ಲಿಯಾನೆಟಳ ಹದಿನೈದರ ಹಬ್ಬದ ಚಿತ್ರ ಅದು. ಹಬ್ಬ ಈ ಶನಿವಾರ. ಬಿಡಿ ತುಣುಕುಗಳೆಲ್ಲ ಕ್ಷೇಮವಾಗಿದ್ದವು: ಸೇತುವೆಯ ಮೇಲೆ ನೀಲಿ ಗೌನು, ಕುದುರೆಗಾಡಿಯಲ್ಲಿ ಕೆಂಪು ಗೌನು, ಅಜ್ಜನ ಜೊತೆ ಕುಣಿತ. ಆದರೆ ಮತ್ತೆ ಮೊದಲಿಂದ ಜೋಡಿಸಬೇಕು. ಈ ಕುಂಟು ಯಂತ್ರದಲ್ಲಿ ಶನಿವಾರದೊಳಗೆ ಆಗುವ ಮಾತಲ್ಲ. ಎವೇಲಿಯೊ ಕೂಗಾಡಲಿಲ್ಲ. ಇದಾಲ್ಮಿಸಳಿಗೆ ಹೆದರಿಕೆಯಾದದ್ದೇ ಅದಕ್ಕೆ. ಬುಧವಾರ ಅಡುಗೆಮನೆಯಲ್ಲಿ ಬ್ರೆಡ್ಡಿಗೆ ಎಣ್ಣೆ ಸವರುತ್ತಾ, ಅವಳ ಮುಖ ನೋಡದೆ ಹೇಳಿದ: "ಕಾರ್ದೆನಾಸ್‌ನಲ್ಲಿ ರಿಗೊ ಹತ್ರ ಒಳ್ಳೆ ಮಷೀನ್ ಇದೆ. ಅಲ್ಲೇ ಮಾಡ್ತೀನಿ. ಅವನ ಸ್ಟುಡಿಯೊ ಹಿಂದೆ ಒಂದು ರೂಮೂ ಇದೆ. ಅಲ್ಲೇ ಇದ್ಬಿಡ್ತೀನಿ. ರಾದಾಮೆಸ್‌ನ ಕರೆಸಿ ನಂದನ್ನ ತೆಗೆಸ್ಬಿಡು. ಪೂರ್ತಿ ನೀನೇ ಇಟ್ಕೋ."

ಹಾಗಾಗಿ ಇವತ್ತು ರಾದಾಮೆಸ್ ಬಂದಿದ್ದ. ಬಾಗಿಲ ಬಳಿ ಎವೇಲಿಯೊನ ಚೀಲ ತಯಾರಾಗಿ ಕೂತಿತ್ತು. ರಿಗೊನ ಕಾರು ಒಂದು ಗಂಟೆಗೆ, ಕರೆಂಟು ಹೋಗುವುದು ಎರಡಕ್ಕೆ.

"ಹಂಗಾದ್ರೆ ಇವನ ಸಾಮಾನೆಲ್ಲ ಮೊದಲು ಹೊರಗಿನ ಡಿಸ್ಕಿಗೆ ಹಾಕ್ತೀನಿ. ಆಮೇಲೆ ಅಳಿಸ್ತೀನಿ," ಎಂದ ರಾದಾಮೆಸ್. "ಮಿಗ್ದಾಲಿಯಾ ಅಮ್ಮಾ, ಕಾಫಿ ಇದ್ಯಾ, ಇಲ್ಲ ಆ ಹುರಿದ ಬಟಾಣಿ ಕಷಾಯಾನಾ?"

"ಬಟಾಣೀನೇ. ಕಾಫಿ ಬೇಕಾದ್ರೆ ಯಾರಾದ್ರೂ ಮಂತ್ರಿ ಮನೆ ಕಂಪ್ಯೂಟರ್ ರಿಪೇರಿ ಮಾಡು," ಎಂದಳು ಮುದುಕಿ.

ಎವೇಲಿಯೊ ನಿಂತಲ್ಲಿ ನಿಲ್ಲಲಾರದೆ, "ನಾನು ಓರ್ಕೀದಿಯಾಗೆ ಹೇಳ್ಬಿಟ್ಟು ಬರ್ತೀನಿ. ಚಿತ್ರ ಕಾರ್ದೆನಾಸಿಂದಾನೇ ಬರತ್ತೆ ಅಂತ," ಎಂದು ಹೊರಗೆ ಹೋದ. ಅವನ ಚಪ್ಪಲಿಯ ಸದ್ದು ಇಳಿಜಾರಿನಲ್ಲಿ ಸಣ್ಣದಾಯಿತು.

ರಾದಾಮೆಸ್ ವಿಂಡೋಸನ್ನು ಎಬ್ಬಿಸಿ ಚಿತ್ರಗಳನ್ನು ಹೊರಕ್ಕೆ ಸಾಗಿಸಲು ಹಚ್ಚಿದ. ಸ್ವಲ್ಪ ಹೊತ್ತು ಸರಸರ ಹೋದದ್ದು ಆಮೇಲೆ ತೆವಳತೊಡಗಿತು. ಅಂತೂ ಮುಗಿದ ಮೇಲೆ ಅದನ್ನು ಮುಚ್ಚಿ ಲಿನಕ್ಸನ್ನು ಎಬ್ಬಿಸಿದ. ಅಭ್ಯಾಸಬಲದಿಂದ ಗಡಿಯಾರ ಸರಿಮಾಡಿದ. ಅಲ್ಲೂ ತೆವಳಾಟ.

"ನೋಡಿದ್ಯಾ?" ಎಂದಳು ಇದಾಲ್ಮಿಸ್. "ಅವನ ಭಾರಕ್ಕೆ ನನ್ನದೂ ಕುಸಿದು ಕೂತಿದೆ."

ರಾದಾಮೆಸ್ ಹಣೆ ಕೆರೆದುಕೊಂಡ. "ಅದು ಹಂಗಲ್ಲ ಕಣಮ್ಮ. ನೀನು ಎದ್ದಿರೋವಾಗ ಅವನು ಇರೋದೇ ಇಲ್ಲ. ಉಸಿರಾಡಲ್ಲ, ಮಾತಾಡಲ್ಲ, ನಿನ್ನ ಮೆಮೊರೀಲಿ ಒಂದು ಚೂರೂ ಮುಟ್ಟಲ್ಲ. ಬೀರುವಿನಲ್ಲಿ ಮಡಚಿಟ್ಟ ಕೋಟು ಅಷ್ಟೇ. ಅವನ ಸರದೀಲಿ ನೀನೂ ಹಂಗೇ. ಜಾಗ ಹಿಡಿತೀರಿ, ನಿಜ. ಆದ್ರೆ ಒಬ್ಬರನ್ನೊಬ್ಬರು ನಿಧಾನ ಮಾಡಕ್ಕೆ ನಿಮ್ಮಿಬ್ಬರ ಕೈಲೂ ಆಗಲ್ಲ."

"ಜಾಗ ತುಂಬಿದೆ ಅಂತ..."

"ಅದನ್ನೂ ನೋಡ್ದೆ. ಐದರಲ್ಲಿ ಒಂದು ಪಾಲು ಖಾಲಿ ಇಡಿ ಅಂದಿದ್ದೆ, ಇಟ್ಟಿದ್ದೀರ. ಇಬ್ಬರೂ. ಬೈದಾಡ್ಕೊಂಡೇ ಇಟ್ಟಿದ್ದೀರ."

"ಹಂಗಾದ್ರೆ ನಿಧಾನ ಮಾಡ್ತಿರೋದು ಯಾರು?"

ಅವನು ಕಂಪ್ಯೂಟರಿನ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟ. ಇಟ್ಟದ್ದು ಕ್ರೋಶಾ ಅಂಗಿಯ ಮೇಲೆ. ಆ ಮನೆಯಲ್ಲಿ ಅಂಗಿಯಿಲ್ಲದ ವಸ್ತುವೇ ಇರಲಿಲ್ಲ. ಟೀವಿಗೆ ನೀಲಿ, ಮಿಕ್ಸರಿಗೆ ಬಿಳಿ, ಫ್ಲಾಸ್ಕಿಗೆ ಗುಲಾಬಿ, ಗ್ಯಾಸ್ ಸಿಲಿಂಡರಿಗೆ ಅಂಚುಕಟ್ಟಿದ ಲಂಗ. ಕೊಲ್ಲಿಯ ಕಡೆಯಿಂದ ಬೀಸುವ ಉಪ್ಪುಗಾಳಿ ಈ ಬೀದಿಯಲ್ಲಿ ಕಬ್ಬಿಣವನ್ನು ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಯಾವ ಮನೆಯ ಮುದುಕಿಯೂ ಯಂತ್ರಗಳನ್ನು ಬೆತ್ತಲೆ ಬಿಡುವುದಿಲ್ಲ. ರಾದಾಮೆಸನ ಮನೆಯಲ್ಲಿ ಪ್ರೆಶರ್ ಕುಕ್ಕರಿಗೂ ಅಂಗಿಯಿತ್ತು. ಅದಕ್ಕೇ ಇಷ್ಟು ಹೊತ್ತೂ ಅವನು ನೋಡಿಯೂ ನೋಡಿರಲಿಲ್ಲ. ಈಗ ಅಂಗೈ ಚುರ್ರೆಂದಿತು.

"ಅಮ್ಮಾ, ಇದನ್ನ ಸ್ವಲ್ಪ ತೆಗೀಬೋದಾ?"

"ತಡಿ, ನೀನು ಮುಟ್ಟಬೇಡ, ಹರೀತೀಯ. ಹಿಂದೆ ಗುಂಡಿ ಇದೆ." ಮಿಗ್ದಾಲಿಯಾ ಎದ್ದು ಬಂದು ಒಂದೊಂದೇ ಗುಂಡಿ ಬಿಚ್ಚಿದಳು. ತಿಳಿಹಳದಿ ಅಂಗಿ, ಸ್ವಿಚ್ಚಿಗೆ ಅಂತ ಒಂದು ಕಾಜ, ತಂತಿಗಳಿಗೆ ಒಂದು ಸೀಳು. ಅದರ ಕೆಳಗೆ ದಪ್ಪನೆ ಫ್ಲಾನೆಲ್ ಬಟ್ಟೆ. ಎವೇಲಿಯೊನ ಹಳೆಯ ಪೈಜಾಮ ಅದು. ಅದರ ಕೆಳಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆಯ ತುಂಡು, ಮೀನಿನ ಚಿತ್ರಗಳಿದ್ದದ್ದು.

"ಈ ಒಳಗಿಂದು ಯಾವಾಗ ಹಾಕಿದ್ರಿ?"

"ಕಳೆದ ಮಳೆಗಾಲದಲ್ಲಿ. ಗೋಡೆ ಎಲ್ಲ ಬೆವರ್ತಿತ್ತಲ್ಲ. ನನ್ನ ಕೀಲುಗಳೇ ಹಿಡ್ಕೊಂಡಿದ್ವು, ಪಾಪ ಇದಕ್ಕೆ ಏನಾಗ್ಬೇಡ ಅಂತ." ಅವಳು ಪೈಜಾಮವನ್ನು ನೀಟಾಗಿ ಮಡಚಿ ತೋಳಿನ ಮೇಲೆ ಹಾಕಿಕೊಂಡಳು. "ನೀವೇ ಹೇಳಿದ್ರಲ್ಲ, ಇಬ್ಬರೂ. ಇದು ಹೋದ್ರೆ ನಮ್ಮ ಅನ್ನ ಹೋದ ಹಾಗೆ, ಜೋಪಾನ ಅತ್ತೆ, ಜೋಪಾನ ಅಮ್ಮ ಅಂತ."

ರಾದಾಮೆಸ್ ಮಗ್ಗುಲ ತಗಡು ಬಿಚ್ಚಿದ. ಒಳಗಿನ ಪುಟ್ಟ ಫ್ಯಾನು ಹಕ್ಕಿಗೂಡಿನಂತಾಗಿತ್ತು. ರೆಕ್ಕೆಗಳ ನಡುವೆ, ಲೋಹದ ಪದರಗಳ ನಡುವೆ, ನೂಲಿನ ನಯವಾದ ಎಳೆಗಳು ಧೂಳಿನ ಜೊತೆ ಹೆಣೆದುಕೊಂಡು ಕೂತಿದ್ದವು. ಅವನು ಬಣ್ಣ ಬಳಿಯುವ ಹಳೇ ಬ್ರಷ್ಷಿನಿಂದ ಒಂದು ಮುದ್ದೆಯನ್ನು ಎಳೆದು ಬೆಳಕಿಗೆ ಹಿಡಿದ. ಏನೋ ಹೇಳಲು ಬಾಯಿ ತೆರೆದ. ಅವನ ಮುಖದಲ್ಲಿ ನಗು ಆಗಲೇ ಅರ್ಧ ಬಂದಿತ್ತು.

ಇದಾಲ್ಮಿಸ್ ಅವನ ಭುಜ ಒತ್ತಿದಳು.

ಅವಳಿಗೂ ಅರ್ಥವಾಗಿತ್ತು. ಸೆಖೆ ತಡೆಯಲಾರದೆ ಯಂತ್ರ ತಾನೇ ನಡಿಗೆ ನಿಧಾನ ಮಾಡಿಕೊಳ್ಳುತ್ತಿತ್ತು, ಸುಟ್ಟುಹೋಗದಿರಲು. ಕಳೆದ ಮಳೆಗಾಲದಿಂದ ಆಡಿದ ಮಾತುಗಳೆಲ್ಲ ಒಂದೊಂದಾಗಿ ನೆನಪಾದವು. ಮನೆ ಹಾಳ, ಸ್ವಾರ್ಥಿ, ನಿನ್ನ ಜೊತೆ ಬಾಳಿದ್ದೂ ಹೀಗೇ, ಜಾಗವೆಲ್ಲ ನಿನ್ನದೇ. ಅವನೂ ಕಡಿಮೆ ಆಡಿರಲಿಲ್ಲ. ಆ ಮಾತುಗಳನ್ನೆಲ್ಲ ಈ ಮುದುಕಿ ಇದೇ ಕುರ್ಚಿಯಲ್ಲಿ ಕೂತು, ಇದೇ ಹಳದಿ ನೂಲು ಸುತ್ತುತ್ತಾ ಕೇಳಿದ್ದಳು. ಈಗ ಕುರ್ಚಿಗೆ ಮರಳಿ ಕೂತಿದ್ದ ಅವಳ ಕೈಯಲ್ಲಿ ಕ್ರೋಶಾ ಕಡ್ಡಿ ನಿಂತುಬಿಟ್ಟಿತ್ತು.

"ಏನಾಯ್ತು?" ಎಂದಳು ಮಿಗ್ದಾಲಿಯಾ.

"ಏನಿಲ್ಲ ಅತ್ತೆ. ಧೂಳು."

"ಹೂಂ, ಧೂಳು," ಎಂದ ರಾದಾಮೆಸ್. "ಊರಲ್ಲೆಲ್ಲ ಧೂಳೇ."

ಮುದುಕಿ ಬ್ರಷ್ಷಿನ ತುದಿಯನ್ನೇ ನೋಡಿದಳು. ಆಮೇಲೆ ತನ್ನ ತೊಡೆಯ ಮೇಲಿದ್ದ ಅಂಗಿಯನ್ನು ನೋಡಿದಳು. "ಧೂಳು ಹಳದಿ ಇರತ್ತಾ?" ಎಂದಳು.

ರಾದಾಮೆಸ್ ಬಗ್ಗಿ ಫ್ಯಾನು ಬಿಡಿಸತೊಡಗಿದ. ಬಾಯಿಂದ ಊದಿದ, ಬ್ರಷ್ಷಿನಿಂದ ಉಜ್ಜಿದ, ಒಂದು ಹನಿ ಎಣ್ಣೆ ಬಿಟ್ಟ. ಒಣಗಿ ಚಕ್ಕೆಯಾಗಿದ್ದ, ಚಿಪ್ಪಿನ ಬಿಸಿ ಎಳೆಯುವ ಪೇಸ್ಟನ್ನು ಕೆರೆದು ಹೊಸದು ಹಚ್ಚಿದ. ಇದಾಲ್ಮಿಸ್ ಬಟ್ಟಲು ಹಿಡಿದು ಅವನ ಪಕ್ಕ ಕೂತಳು. ಹಳದಿ ಮುದ್ದೆಗಳು ಬಟ್ಟಲು ತುಂಬಿದವು. ಅದನ್ನು ಅವಳು ಅಡುಗೆಮನೆಯ ಕಸಕ್ಕೆ ಹಾಕದೆ, ಹಿತ್ತಲಲ್ಲಿ ಮಾವಿನ ಮರದ ಹಿಂದೆ ಸುರಿದು ಬಂದಳು.

ಯಂತ್ರವನ್ನು ಮತ್ತೆ ಹಚ್ಚಿದಾಗ ಅದರ ಸದ್ದೇ ಬೇರೆಯಾಗಿತ್ತು. ಇಷ್ಟು ದಿನ ಉಬ್ಬಸದವರ ಹಾಗೆ ಎಳೆಯುತ್ತಿದ್ದದ್ದು ಈಗ ಉಸಿರೇ ಕೇಳದಷ್ಟು ಮೆತ್ತಗೆ. ಇದಾಲ್ಮಿಸ್ ತನ್ನ ಕಡೆಯಲ್ಲಿ ಇಡೀ ಊರಿನ ಕೊಳವೆಗಳ ನಕ್ಷೆಯನ್ನು ತೆರೆದಳು. ಅವಳು ಕೈ ಹಿಂತೆಗೆಯುವಷ್ಟರಲ್ಲಿ ನೀಲಿ ಗೆರೆಗಳು ನದಿಗಳ ಎರಡೂ ಬದಿಗೆ ಹರಡಿ ನಿಂತವು. ಅರ್ಧ ಗಂಟೆಯ ಮೇಲೆ ಮತ್ತೆ ತೆರೆದರೂ ಹಾಗೆಯೇ. ಆ ಅರ್ಧ ಗಂಟೆ ಮೂವರೂ ಬಟಾಣಿ ಕಾಫಿ ಕುಡಿದು, ಮಲಂಗಾ ಗೆಡ್ಡೆಯ ಬಜ್ಜಿ ತಿಂದು, ಲಿಯಾನೆಟಳ ಅಪ್ಪ ಹಬ್ಬಕ್ಕೆ ಬಾಡಿಗೆಗೆ ತಂದ ಕುದುರೆ ಮೇಯರ್ ಮನೆ ಹೂಗಿಡ ತಿಂದ ವಿಷಯ ಮಾತಾಡಿದರು. ಮಾತಾಡಿದ್ದು ರಾದಾಮೆಸ್. ಮಿಗ್ದಾಲಿಯಾ ಬಜ್ಜಿ ಮುಟ್ಟಲಿಲ್ಲ.

ರಾದಾಮೆಸ್ ಯಂತ್ರವನ್ನು ಮುಚ್ಚುವ ಹೊತ್ತಿಗೆ ಎವೇಲಿಯೊ ಒಳಗೆ ಬಂದ. ಬೆವರಿದ್ದ. "ಓರ್ಕೀದಿಯಾ ಅಳ್ತಾಳೆ. ಕಾರ್ದೆನಾಸಿಂದ ಪೆಟ್ರೋಲ್ ಇಲ್ಲ ಅಂತ ಯಾರೂ ಬರದೆ ಹೋದ್ರೆ ಏನು ಗತಿ ಅಂತ." ಮೇಜಿನ ಮೇಲೆ ಬರಿಮೈಯಲ್ಲಿ ಕೂತಿದ್ದ ಪೆಟ್ಟಿಗೆ ನೋಡಿದ. "ಆಯ್ತಾ? ಅಳಿಸಿದ್ಯಾ?"

"ಇನ್ನೂ ಇಲ್ಲ," ಎಂದ ರಾದಾಮೆಸ್. "ಅಳಿಸೋ ಅಗತ್ಯ ಇಲ್ಲ ಅನ್ಸತ್ತೆ. ಮಷೀನ್ ಈಗ ಕುದುರೆಮರಿ. ಶನಿವಾರದ ಚಿತ್ರ ಇದ್ರಲ್ಲೇ ಆಗತ್ತೆ, ನಿಂಗೆ ಬೇಕಾದ್ರೆ."

"ಏನಾಗಿತ್ತು?"

"ಧೂಳು," ಎಂದಳು ಇದಾಲ್ಮಿಸ್ ತಟ್ಟನೆ. "ನಾನೂ ಒರೆಸಿಲ್ಲ, ನೀನೂ ಒರೆಸಿಲ್ಲ."

"ಧೂಳಲ್ಲ," ಎಂದಳು ಮಿಗ್ದಾಲಿಯಾ. "ನಾನು."

"ಅತ್ತೆ, ಬಿಡಿ..."

"ಯಾಕೆ ಬಿಡ್ಲಿ? ನನ್ನ ಬಾಯಲ್ಲಿ ಹಲ್ಲಿಲ್ಲ, ನಿಜ, ಮಾತೂ ಇಲ್ವಾ? ನಾನು ಹೊದಿಸಿದ್ದಕ್ಕೆ ಅದಕ್ಕೆ ಸೆಖೆ ಆಗಿದೆ. ನನ್ನ ನೂಲು ಹೋಗಿ ಅದರ ಮೂಗು ಕಟ್ಟಿದೆ. ಸೆಖೆ ಆದ್ರೆ ಯಾರು ತಾನೇ ಕೆಲಸ ಮಾಡ್ತಾರೆ? ನೀವಿಬ್ರೂ ಮಾಡ್ತೀರಾ?" ಮಾತು ಗಟ್ಟಿಯಾಗಿಯೇ ಇತ್ತು. ಕೈ ಮಾತ್ರ ಪೈಜಾಮದ ಮಡಿಕೆಯನ್ನು ತೀಡುತ್ತಲೇ ಇತ್ತು. "ಒಂದು ವರ್ಷದಿಂದ ನಾಯಿ ಬೆಕ್ಕಿನ ಹಾಗೆ ಆಡಿದ್ರಲ್ಲ, ಒಬ್ಬರಾದ್ರೂ ಬಂದು, ಅಮ್ಮ, ಈ ಪೈಜಾಮ ಯಾಕೆ ಅಂತ ಕೇಳಿದ್ರಾ?"

ಎವೇಲಿಯೊ ತಾಯಿಯ ತೋಳಿನ ಮೇಲಿದ್ದ ಪೈಜಾಮವನ್ನು ನೋಡಿದ. ಗುರುತು ಹಿಡಿದ. ನಗಬೇಕೋ ಬೇಡವೋ ತಿಳಿಯದೆ ಇದಾಲ್ಮಿಸಳ ಕಡೆ ತಿರುಗಿದ.

"ಅಂದ್ರೆ... ನೀನಲ್ಲ," ಎಂದ.

"ನೀನೂ ಅಲ್ಲ," ಎಂದಳು ಅವಳು.

"ಪ್ರೋಗ್ರಾಂ ಮಾತ್ರ ಹಳೇದೇ."

"ರಾಜಕುಮಾರಿಯರು ಮಾತ್ರ ದಪ್ಪಾನೇ."

ಇಬ್ಬರೂ ನೆಲ ನೋಡಿದರು. ಆಮೇಲೆ ಇದಾಲ್ಮಿಸ್, ತೀರ ಸಣ್ಣ ದನಿಯಲ್ಲಿ, "ಸೋಮವಾರ ನಾನು ಕಾಯ್ಬೋದಿತ್ತು. ಒಂದು ಗಂಟೆ ತಡವಾದ್ರೆ ಊರೇನು ಒಣಗ್ತಿರ್ಲಿಲ್ಲ," ಎಂದಳು.

"ನಾನೂ ಮುಚ್ಚಿ ಹೋಗ್ಬೋದಿತ್ತು," ಎಂದ ಎವೇಲಿಯೊ. "ಕರೆಂಟು ಇನ್ನೂ ಇತ್ತು. ಸೋಮಾರಿತನ."

"ಆಹಾ," ಎಂದ ರಾದಾಮೆಸ್. "ಇದನ್ನ ನೋಟರಿ ಮುಂದೆ ಹೇಳಿದ್ರೆ ಪ್ಲೈವುಡ್ ಉಳೀತಿತ್ತಲ್ರಪ್ಪಾ." ಯಾರೂ ನಗದಿದ್ದಾಗ ತನ್ನ ಖಾಲಿ ಲೋಟ ಎತ್ತಿಕೊಂಡ. "ಯಾರನ್ನ ಇಡ್ತೀರೋ ಯಾರನ್ನ ತೆಗೀತೀರೋ ಬೇಗ ತೀರ್ಮಾನ ಮಾಡಿ. ಎರಡು ಗಂಟೆಗೆ ಕರೆಂಟಮ್ಮ ಹೊರಡ್ತಾಳೆ. ನಾನು ಇನ್ನೊಂದು ಲೋಟ ಬಟಾಣಿ ಕುಡ್ಕೊಂಡು ಬರ್ತೀನಿ." ಹೋಗುವ ಮುಂಚೆ ಬಗ್ಗಿ ಸ್ವಿಚ್ಚು ಒತ್ತಿದ. ಪೆಟ್ಟಿಗೆ ಮೆಲ್ಲಗೆ ಉಸಿರಾಡತೊಡಗಿತು.

ಮಿಗ್ದಾಲಿಯಾ ಆಗಲೇ ತೂಗುಕುರ್ಚಿಗೆ ಮರಳಿದ್ದಳು. ಕನ್ನಡಕ ಸರಿಮಾಡಿಕೊಂಡು, ಹಳದಿ ಅಂಗಿಯ ಅಂಚಿನಲ್ಲಿ ಕೊನೆಯ ಗಂಟನ್ನು ಹುಡುಕಿ, ಕಡ್ಡಿಯ ಮೊನೆಯಿಂದ ಎಬ್ಬಿಸಿದಳು.

"ಏನ್ ಮಾಡ್ತಿದ್ದೀಯ ಅಮ್ಮ?"

"ಬಿಚ್ತಿದ್ದೀನಿ. ಎರಡೂ ಮಗ್ಗುಲು, ಹಿಂದುಗಡೆ. ತಲೆ ಮೇಲೆ ಮಾತ್ರ ಒಂದು ಟೋಪಿ ಇರ್ಲಿ, ಉಪ್ಪು ಬೀಳ್ದಂಗೆ." ಒಂದು ಸಾಲು ಸರ್ರನೆ ಬಿಚ್ಚಿಕೊಂಡು ನೂಲು ಅವಳ ಮಡಿಲಿನಲ್ಲಿ ಸುರುಳಿಯಾಗತೊಡಗಿತು. "ನಿಂತು ನೋಡ್ತೀಯಲ್ಲೋ, ಸಿಕ್ಕಾಗತ್ತೆ ಇದು. ಬಾ, ಕೂತ್ಕೋ. ಕೈ ಒಡ್ಡು."

"ಅಮ್ಮಾ, ರಿಗೊ ಈಗ ಬರ್ತಾನೆ."

"ಬರ್ಲಿ. ಅವನಿಗೂ ಕುರ್ಚಿ ಇದೆ. ಕೈ ಒಡ್ಡು ಅಂದೆ."

ಎವೇಲಿಯೊ ಚಿಕ್ಕವನಿದ್ದಾಗ ಎಷ್ಟೋ ಮಧ್ಯಾಹ್ನ ಕೂತಿದ್ದ ಹಾಗೆ, ತಾಯಿಯ ಕಾಲ ಬಳಿಯ ಮಣೆಯ ಮೇಲೆ ಕೂತು, ಎರಡೂ ಕೈ ಮುಂದೆ ಚಾಚಿ, ಅಂಗೈಗಳನ್ನು ಎದುರುಬದುರು ಹಿಡಿದ. ಮುದುಕಿ ನೂಲಿನ ತುದಿಯನ್ನು ಇದಾಲ್ಮಿಸಳ ಕಡೆ ಚಾಚಿದಳು. "ನೀನು ಸುತ್ತು. ನಂಗೆ ಬಿಚ್ಚಕ್ಕೆ ಎರಡೂ ಕೈ ಬೇಕು."

ಇದಾಲ್ಮಿಸ್ ನೆಲದ ಮೇಲೆ ಕೂತು ನೂಲನ್ನು ಅವನ ಬಲಗೈ ಸುತ್ತ ತಂದಳು, ಎಡಗೈ ಸುತ್ತ ಒಯ್ದಳು. ವರ್ಷದ ಸೆಖೆಗೆ ನೂಲು ಒಂದೆರಡು ಕಡೆ ಕಂದಿತ್ತು. ಬಿಚ್ಚಿದ ಮೇಲೂ ಹೆಣಿಗೆಯ ಸುಳಿ ಬಿಡದೆ ಗುಂಗುರಾಗಿಯೇ ಬರುತ್ತಿತ್ತು.

ಹೊರಗೆ ಕಾರಿನ ಹಾರನ್ನು ಒಮ್ಮೆ ಕೇಳಿಸಿತು. ತುಸು ಬಿಟ್ಟು ಇನ್ನೊಮ್ಮೆ.

"ಬಂದೇ!" ಎಂದು ಎವೇಲಿಯೊ ಕೂತಲ್ಲಿಂದಲೇ ಕೂಗಿದ.

"ಕೈ ಅಲ್ಲಾಡಿಸ್ಬೇಡ," ಎಂದಳು ಇದಾಲ್ಮಿಸ್.

ಮೇಜಿನ ಮೇಲೆ ಕಪ್ಪು ಪರದೆಯಲ್ಲಿ ಎರಡು ಸಾಲು ಮೂಡಿ, ಎಣಿಕೆ ಇಳಿಯತೊಡಗಿತ್ತು. ಮೂವರೂ ಅದನ್ನು ನೋಡಿದರು. ಬಾಣದ ಗುಂಡಿ ಒತ್ತಲು ಯಾರ ಕೈಯೂ ಖಾಲಿಯಿರಲಿಲ್ಲ. ಎಣಿಕೆ ಮುಗಿದು, ಮೊದಲ ಸಾಲು ತಾನಾಗಿ ಬೆಳಗಿ, ಪರದೆ ನೀಲಿಯಾಯಿತು. ಮೂಲೆಯಲ್ಲಿ ಗಡಿಯಾರ ನಾಲ್ಕು ಗಂಟೆ ಮುಂದಿತ್ತು. ನೂಲು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುತ್ತಲೇ ಇತ್ತು.